ಕೆರೆಗಾಳಿಗೆ ಸಿಕ್ಕ ಮೂರು ಟನ್

ಕೋವಿಡ್ ಮುಗಿದ ಮೇಲಿನ ಎರಡನೆಯ ಚಳಿಗಾಲದಲ್ಲಿ ನಾನು ವಾಯವ್ಯ ಲಂಡನ್ನಿನ ಕಿಂಗ್ಸ್‌ಬರಿಗೆ ಹತ್ತಿರದ ಒಂದು ಕಟ್ಟಡದ ಸೈಟಿನಲ್ಲಿ ಲಿಫ್ಟಿಂಗ್ ಸೂಪರ್‌ವೈಸರ್ ಆಗಿದ್ದೆ. ಈ ಹೆಸರು ಕೇಳಿ ಕೆಂಟನ್ನಿನ ನಮ್ಮ ನೆರೆಯವರು ನನ್ನನ್ನು ಬಹಳ ದಿನ ಲಿಫ್ಟ್ ರಿಪೇರಿಯವನೆಂದೇ ತಿಳಿದಿದ್ದರು. ಒಬ್ಬರಂತೂ ತಮ್ಮ ಫ್ಲ್ಯಾಟಿನ ಲಿಫ್ಟ್ ಕೆಟ್ಟಾಗ ನನಗೇ ಫೋನ್ ಮಾಡಿದ್ದರು. ನಿಜವಾಗಿ ನನ್ನ ಕೆಲಸ ಬೇರೆ. ಟವರ್ ಕ್ರೇನು ಏನನ್ನು ಎತ್ತಬೇಕು, ಯಾವಾಗ ಎತ್ತಬೇಕು, ಯಾವಾಗ ಎತ್ತಬಾರದು ಎಂದು ನೆಲದ ಮೇಲೆ ನಿಂತು ಹೇಳುವುದು. ಹುಬ್ಬಳ್ಳಿಯಲ್ಲಿ ಡಿಪ್ಲೊಮಾ ಓದಿ, ಮಸ್ಕತ್ತಿನಲ್ಲಿ ಬಿಸಿಲು ಕುಡಿದು, ಈ ಊರಿನಲ್ಲಿ ಇಪ್ಪತ್ತು ವರ್ಷ ದುಡಿದ ಮೇಲೂ ಎತ್ತಬೇಡ ಎಂದು ಹೇಳುವುದು ನನಗೆ ಸರಿಯಾಗಿ ಬಂದಿರಲಿಲ್ಲ.

ಸೈಟಿನ ಪಶ್ಚಿಮಕ್ಕೆ ದೊಡ್ಡದೊಂದು ಜಲಾಶಯ. ಇಲ್ಲಿನವರು ರಿಸರ್ವಾಯರ್ ಎನ್ನುತ್ತಾರೆ, ನಮ್ಮ ಬಾಯಲ್ಲಿ ಅದು ಕೆರೆ. ಬೇಸಿಗೆಯಲ್ಲಿ ಅಲ್ಲಿ ಬಿಳಿ ಹಾಯಿದೋಣಿಗಳು ಓಡಾಡುತ್ತವೆ, ನೋಡಲು ಚೆಂದ. ಚಳಿಗಾಲದಲ್ಲಿ ಅದೇ ಕೆರೆ ನಮ್ಮ ವೈರಿ. ಊರೊಳಗೆ ಬೀಸುವ ಗಾಳಿಗೆ ಮನೆ, ಮರ, ಗೋಡೆ ಅಡ್ಡ ಬರುತ್ತವೆ. ನೀರಿನ ಮೇಲೆ ಅಡ್ಡ ಬರುವುದೇನೂ ಇಲ್ಲ. ದಡದ ಮರಗಳ ಎಲೆಯೂ ಉದುರಿರುತ್ತದೆ. ಬಸ್‌ಸ್ಟಾಪಿನಲ್ಲಿ ಮಫ್ಲರ್ ಅಲುಗದ ದಿನವೂ ನಮ್ಮ ಗೇಟಿನೊಳಗೆ ಕಾಲಿಟ್ಟರೆ ಹೆಲ್ಮೆಟ್ ಹಿಡಿದುಕೊಳ್ಳಬೇಕಾಗುತ್ತಿತ್ತು.

ಅರವತ್ತು ಮೀಟರ್ ಎತ್ತರದ ಕ್ರೇನಿನ ಕ್ಯಾಬಿನ್ನಿನಲ್ಲಿ ಕೂರುತ್ತಿದ್ದವನು ವಿಲ್ಫ್ರೆಡ್. ಉಡುಪಿ ಕಡೆಯ ಕೊಂಕಣಿ ಮಾತಾಡುವ ಕ್ಯಾಥೊಲಿಕ್. ಹೆಂಡತಿ ಇಲ್ಲಿ ನರ್ಸ್. ಹೇಸ್‌ನಲ್ಲಿ ಬಾಡಿಗೆ ಮನೆ. ನನಗಿಂತ ಹದಿನೈದು ವರ್ಷ ಚಿಕ್ಕವನು. ಅವನ ಹಾಗೆ ಕ್ರೇನ್ ನಡೆಸುವವರನ್ನು ನಾನು ಮೂರು ದೇಶಗಳಲ್ಲಿ ಕಂಡಿಲ್ಲ. ಹುಕ್ಕಿಗೆ ಸಿಕ್ಕಿಸಿದ ಭಾರವನ್ನು ಅವನು ಇಳಿಸಿದರೆ ನೆಲಕ್ಕೆ ತಗುಲಿದ ಸದ್ದೂ ಕೇಳುತ್ತಿರಲಿಲ್ಲ. ಹೊಟ್ಟೆಕಿಚ್ಚಿನಿಂದ ಒಮ್ಮೆ ಕೇಳಿದ್ದೆ, ಇದನ್ನು ಎಲ್ಲಿ ಕಲಿತೆ ಎಂದು. "ಕಲಿಯಲಿಕ್ಕೆ ಎಂಥದ್ದು ಉಂಟು ಪಾಟೀಲ್ರೇ, ಅವಸರ ಮಾಡಬಾರದು ಅಷ್ಟೇ" ಎಂದಿದ್ದ.

ನೆಲದ ಮೇಲೆ ಭಾರವನ್ನು ಹುಕ್ಕಿಗೆ ಕಟ್ಟಿ ಸನ್ನೆ ಕೊಡುವ ಸ್ಲಿಂಗರ್ ಮಾರಿಯಸ್, ರೊಮೇನಿಯಾದವನು, ಇಬ್ಬರು ಹೆಣ್ಣುಮಕ್ಕಳ ಅಪ್ಪ. ನಮ್ಮ ಮೂವರದೂ ಒಂದೇ ರೇಡಿಯೊ ಚಾನೆಲ್. ಅದರಲ್ಲಿ ಇಂಗ್ಲಿಷ್ ಮಾತ್ರ ಆಡಬೇಕು ಎಂಬುದು ಸೈಟಿನ ನಿಯಮ. ಈ ನಿಯಮವನ್ನು ದಿನಕ್ಕೆ ಹತ್ತು ಸಲ ಮುರಿಯುತ್ತಿದ್ದವನು ನಾನೇ. ಮನೆಯಲ್ಲಿ ಮಗಳಿಗೆ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಬರುತ್ತದೆ. ಇಲ್ಲಿ ಆಕಾಶದಿಂದ ಕನ್ನಡ ಕೇಳಿಬರುತ್ತಿದ್ದರೆ ಬಿಡುವವರಾರು? ಮಾರಿಯಸ್ ಪಾಪ, ನಮ್ಮ ಹರಟೆ ಮುಗಿಯುವವರೆಗೆ ನಗುತ್ತ ಕಾಯುತ್ತಿದ್ದ.

ಆ ದಿನ ಕೆರೆಯ ಕಡೆಯ ಗೋಡೆಗೆ ಕಾರ್ಖಾನೆಯಲ್ಲೇ ಸಿದ್ಧಪಡಿಸಿದ ಪ್ಯಾನೆಲುಗಳನ್ನು, ಎಂದರೆ ಗೋಡೆಯ ದೊಡ್ಡ ಚಪ್ಪಡಿಗಳನ್ನು, ಏರಿಸುತ್ತಿದ್ದೆವು. ಒಂದೊಂದೂ ಮೂರು ಟನ್, ಆರು ಮೀಟರ್ ಉದ್ದ, ಮೂರು ಮೀಟರ್ ಅಗಲ. ಇಂಥದ್ದಕ್ಕೆ ತೂಕಕ್ಕಿಂತ ಮೈಯ ಹರವೇ ಅಪಾಯ. ಗಾಳಿಗೆ ಸಿಕ್ಕರೆ ಹಾಯಿಯಾಗುತ್ತದೆ. ಆದ್ದರಿಂದ ಕ್ರೇನಿನ ಮೇಲಿನ ಗಾಳಿಮಾಪಕ ಗಂಟೆಗೆ ಇಪ್ಪತ್ತು ಮೈಲಿ ತೋರಿಸಿದರೆ ಪ್ಯಾನೆಲ್ ಎತ್ತುವುದನ್ನು ನಿಲ್ಲಿಸಬೇಕು ಎಂದು ನಾನೇ ಬರೆದಿಟ್ಟಿದ್ದೆ. ಮಧ್ಯಾಹ್ನದ ನಂತರ ಗಾಳಿ ಏರುತ್ತದೆ ಎಂದು ಹವಾಮಾನದ ವರದಿ ಹೇಳಿತ್ತು. ಹನ್ನೊಂದು ಗಂಟೆಗೆ ಒಂದೇ ಒಂದು ಪ್ಯಾನೆಲ್ ಉಳಿದಿತ್ತು.

ಆಗ ಮೇಲಿನಿಂದ ವಿಲ್ಫ್ರೆಡ್ ಕನ್ನಡದಲ್ಲಿ ಹೇಳಿದ: "ಪಾಟೀಲ್ರೇ, ಕೆರೆ ಆಚೆ ಬದಿಯಲ್ಲಿ ನೀರು ಕಪ್ಪಾಗ್ತಾ ಉಂಟು. ಗಾಳಿ ಹೊರಟಿದೆ ಮಾರಾಯ್ರೇ."

"ಮೀಟರ್ ಎಷ್ಟು ತೋರಸ್ತೈತಿ?"

"ಹದಿನೇಳು."

"ಮತ್ತೇನು! ಮೀನ ಹಿಡಿಯೋ ಮಂದಿಗೆ ನೀರು ಕಂಡ್ರ ಸಾಕು, ನೂರು ಶಾಸ್ತ್ರ. ಎತ್ತೋ ಮಾರಾಯ, ಇದೊಂದು ಮುಗಿಸಿ ಚಾ ಕುಡಿಯೋಣ."

ಅವನು ನಕ್ಕ. ಎತ್ತಿದ.

ಮಾರಿಯಸ್ ಪ್ಯಾನೆಲಿಗೆ ಕಟ್ಟಿದ ಹಗ್ಗ ಹಿಡಿದು ಅದರ ಜೊತೆ ನಡೆದ. ಭಾರ ತಿರುಗದಂತೆ ಹೀಗೆ ಕೆಳಗಿನಿಂದ ಹಗ್ಗ ಹಿಡಿಯುವುದು ವಾಡಿಕೆ. ಕಟ್ಟಡದ ಮರೆಯಲ್ಲಿದ್ದಷ್ಟು ಹೊತ್ತು ಎಲ್ಲವೂ ಸರಿಯಿತ್ತು. ಹತ್ತು ಮೀಟರ್ ಎತ್ತರದಲ್ಲಿ ಪ್ಯಾನೆಲ್ ಮೂಲೆ ದಾಟಿ ಕೆರೆಗೆ ಮುಖ ಮಾಡಿತು. ಅದೇ ಗಳಿಗೆಗೆ ಆ ಕಪ್ಪು ನೀರಿನ ಗಾಳಿ ದಡಕ್ಕೆ ಬಂತು. ಮೂರು ಟನ್ನಿನ ಪ್ಯಾನೆಲ್ ಬಾಗಿಲು ಬಡಿದಂತೆ ಒಮ್ಮೆಲೇ ತಿರುಗಿತು, ಆಮೇಲೆ ತೂಗತೊಡಗಿತು. ಮಾರಿಯಸ್ ಹಗ್ಗ ಬಿಡಲಿಲ್ಲ. ಕೈಗೆ ಸುತ್ತಿಕೊಂಡಿದ್ದ ಹಗ್ಗ ಅವನನ್ನು ಕೆಸರಿನಲ್ಲಿ ಎಳೆದುಕೊಂಡು ಪ್ಯಾನೆಲಿನ ಕೆಳಗೇ ತಂದಿತು.

ನನ್ನ ಬಾಯಿಂದ ಬಂದದ್ದು ಹುಬ್ಬಳ್ಳಿ. "ವಿಲ್ಲಿ, ಕೆಳಗ ಇಳಿಸೋ! ಲಗೂನ ಇಳಿಸು!"

ಅದು ತಪ್ಪು ಆಜ್ಞೆ. ನಾನು ನಿಂತ ಜಾಗದಿಂದ ಮಾರಿಯಸ್ ಪ್ಯಾನೆಲಿನ ಪಕ್ಕದಲ್ಲಿರುವಂತೆ ಕಂಡಿದ್ದ. ಇಳಿಸಿದ್ದರೆ ಪ್ಯಾನೆಲ್ ಅವನ ಮೇಲೇ ಇಳಿಯುತ್ತಿತ್ತು. ನಾನು ಏನೋ ಕೂಗುತ್ತಿದ್ದೇನೆ ಎನ್ನುವುದಷ್ಟೇ ಮಾರಿಯಸ್‌ಗೆ ಕೇಳಿರಬೇಕು, ಅರ್ಥವಾಗುವ ಒಂದು ಪದವೂ ಅದರಲ್ಲಿರಲಿಲ್ಲ. ಮುಖವೆತ್ತಿ ನನ್ನ ಕಡೆ ನೋಡಿದ.

ರೇಡಿಯೊದಲ್ಲಿ ವಿಲ್ಫ್ರೆಡ್‌ನ ದನಿ ಬಂತು. ಏರಿರಲಿಲ್ಲ, ನಡುಗಿರಲಿಲ್ಲ. "ಇಂಗ್ಲಿಷ್ ಪ್ಲೀಸ್, ಸೂಪರ್‌ವೈಸರ್. ನಾಟ್ ಲೋವರಿಂಗ್. ಮಾರಿಯಸ್, ಲೆಟ್ ಗೋ ದ ರೋಪ್. ವಾಕ್ ಟು ದ ಗೇಟ್."

ಮಾರಿಯಸ್ ಕೈ ಬಿಡಿಸಿಕೊಂಡು ಗೇಟಿನತ್ತ ಓಡಿದ. ಅವನು ಆಚೆ ಸೇರಿದ ಮೇಲಷ್ಟೇ ವಿಲ್ಫ್ರೆಡ್ ಕ್ರೇನಿಗೆ ಕೈ ಹಚ್ಚಿದ. ತೂಗುವ ಭಾರವನ್ನು ಗಕ್ಕನೆ ನಿಲ್ಲಿಸಹೋದರೆ ತೂಗಾಟ ಹೆಚ್ಚುತ್ತದೆ. ಭಾರ ಹೋದ ಕಡೆಗೇ ಕ್ರೇನಿನ ತೋಳನ್ನೂ ಒಯ್ದು, ಅದರ ನೆತ್ತಿಯ ಮೇಲೆ ಹೋಗಿ ನಿಲ್ಲಬೇಕು. ಓದಲು ಸುಲಭ. ಅವನು ಅದನ್ನು ಆ ಗಾಳಿಯಲ್ಲಿ, ತಾನು ಕುಳಿತ ಕ್ಯಾಬಿನ್ನೇ ಓಲಾಡುತ್ತಿದ್ದಾಗ ಮಾಡಿದ. ಮೂರು ತೂಗಿಗೆ ಪ್ಯಾನೆಲ್ ತಣ್ಣಗಾಯಿತು. ಮೆಲ್ಲಗೆ ಕಟ್ಟಡದ ಮರೆಗೆ ತಂದು ಇಳಿಸಿದ. ಎಂದಿನಂತೆ ಸದ್ದಾಗಲಿಲ್ಲ. ನಾನು ಅಲ್ಲೇ ಮರದ ಹಲಗೆಗಳ ಮೇಲೆ ಕುಳಿತುಬಿಟ್ಟೆ.

ಕ್ರೇನು ಗಾಳಿ ಬೀಸಿದ ಕಡೆಗೆ ತಾನಾಗಿ ತಿರುಗುವಂತೆ ಬ್ರೇಕ್ ಸಡಿಲಿಸಿ ವಿಲ್ಫ್ರೆಡ್ ಏಣಿ ಇಳಿದು ಬಂದ. ನಾನು ಕೈ ಮುಗಿಯುವುದೊಂದು ಬಾಕಿ. ಅವನೋ ತಲೆ ತಗ್ಗಿಸಿದ್ದ. "ನನ್ನದೂ ತಪ್ಪುಂಟು" ಎಂದ. "ಎತ್ತುವುದಿಲ್ಲ ಅಂತ ನಾನು ಹೇಳಬೇಕಿತ್ತು. ಕನ್ನಡದಲ್ಲಿ ದೊಡ್ಡವರಿಗೆ ಇಲ್ಲ ಅನ್ನಲಿಕ್ಕೆ ನಾಲಿಗೆ ಬರುವುದಿಲ್ಲ ಪಾಟೀಲ್ರೇ. ಇಂಗ್ಲಿಷಲ್ಲಾದರೆ ನೋ ಅಂತಿದ್ದೆ, ಮುಗೀತಿತ್ತು."

ಮಧ್ಯಾಹ್ನ ವರದಿ ಬರೆಯಲು ಮೂವರೂ ಆಫೀಸಿನಲ್ಲಿ ಕೂತೆವು. ಮಾರಿಯಸ್‌ನ ಅಂಗೈಯಲ್ಲಿ ಹಗ್ಗ ಸುಟ್ಟ ಗೆರೆ. ಅವನು ನನ್ನನ್ನು ಕೇಳಿದ, ಎತ್ತುವ ಮೊದಲು ನೀವಿಬ್ಬರೂ ಏನೋ ಮಾತಾಡಿ ನಕ್ಕಿರಲ್ಲ, ಏನದು?

ಏನೋ ಒಂದು ಹೇಳಿ ಪಾರಾಗಬಹುದಿತ್ತು. ಆ ಆಸೆ ಬಂದದ್ದೂ ನಿಜ. ವಿಲ್ಫ್ರೆಡ್ ನನ್ನನ್ನೇ ನೋಡುತ್ತಿದ್ದ. ನೀರು ಕಪ್ಪಾದದ್ದರಿಂದ ಹಿಡಿದು ಚಹಾದವರೆಗೆ ಒಂದೊಂದು ಮಾತನ್ನೂ ಇಂಗ್ಲಿಷಿಗೆ ಮಾಡಿ ಹೇಳಿದೆ. ಮಾರಿಯಸ್ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಒಳ್ಳೆಯದಿತ್ತು.

"ಹಾಗಾದರೆ ಗಾಳಿ ಬರುವುದು ನಿಮಗಿಬ್ಬರಿಗೂ ಗೊತ್ತಿತ್ತು" ಎಂದ. "ಕೆಳಗೆ ನಿಂತವನು ನಾನು."

ಪ್ರಾಣ ಉಳಿಸಿದ ವಿಲ್ಫ್ರೆಡ್ ಎದ್ದು ಅವನಿಗೆ ಕ್ಷಮೆ ಕೇಳಿದ. ಅದಾದ ಮೇಲೆ ನಾನು ಕೇಳಿದೆ. ಮೊದಲು ಕೇಳಬೇಕಾಗಿದ್ದವನು ನಾನು ಎಂಬ ನಾಚಿಕೆ ಇಂದಿಗೂ ಇದೆ. ವರದಿಯಲ್ಲಿ ನಮ್ಮ ಕನ್ನಡದ ಮಾತನ್ನೂ, ನನ್ನ ತಪ್ಪು ಆಜ್ಞೆಯನ್ನೂ ಇದ್ದದ್ದು ಇದ್ದಹಾಗೆ ಬರೆದೆ. ಕಂಪನಿಯವರು ಲಿಖಿತ ಎಚ್ಚರಿಕೆ ಕೊಟ್ಟರು, ಬಾಯಿ ಮುಚ್ಚಿಕೊಂಡು ತೆಗೆದುಕೊಂಡೆ.

ನಿವೃತ್ತನಾಗುವವರೆಗೆ ಅದೇ ಸೈಟಿನಲ್ಲಿ ಇನ್ನೂ ಎರಡು ಚಳಿಗಾಲ ಕಳೆದೆ. ಕನ್ನಡವನ್ನು ಕ್ಯಾಂಟೀನಿಗೆ ಇಟ್ಟುಕೊಂಡೆವು. ಕೆರೆಯ ಮೇಲೆ ಗಾಳಿ ಎದ್ದಾಗಲೆಲ್ಲ, ಮೀಟರ್ ಎಷ್ಟೇ ತೋರಿಸಲಿ, ಮೇಲಿನಿಂದ ವಿಲ್ಫ್ರೆಡ್ "ನೋ ಲಿಫ್ಟ್" ಎನ್ನುತ್ತಿದ್ದ. ನಾನು ಒಮ್ಮೆಯೂ ವಾದಿಸಲಿಲ್ಲ. ತಾಯ್ನುಡಿ ಎಷ್ಟು ಪ್ರೀತಿಯದಾದರೂ ಅಪಾಯದ ಮಾತನ್ನು ಆಡುವಾಗ ಅದು ನಮಗೆ ಹಿತವಾಗಿದೆಯೇ ಎಂದು ನೋಡಬಾರದು, ಭಾರ ಯಾರ ತಲೆಯ ಮೇಲೆ ತೂಗುತ್ತಿದೆಯೋ ಅವನಿಗೆ ತಿಳಿಯುತ್ತದೆಯೇ ಎಂದು ನೋಡಬೇಕು. ಮೂವತ್ತೈದು ವರ್ಷದ ನೌಕರಿ ನನಗೆ ಕಲಿಸಿದ್ದು ಅದನ್ನೇ. ಅರವತ್ತು ಮೀಟರ್ ಮೇಲೆ ಓಲಾಡುತ್ತ ಕುಳಿತವನಿಗೆ ಅದು ನೆನಪಿತ್ತು, ಗಟ್ಟಿ ನೆಲದ ಮೇಲೆ ನಿಂತ ನಾನು ಮರೆತಿದ್ದೆ.