ಹಾನಗಲ್ಲಿನಲ್ಲಿ ಹಂಚಿಹೋದ ಸಮುದ್ರ

ವಾಚಕ ಮಹಾಶಯರ ಸನ್ನಿಧಿಗೆ ಸವಿನಯವಾಗಿ ಅರಿಕೆ ಮಾಡುವುದೇನೆಂದರೆ, ತೀರ್ಥ ಕುಡಿದ ಮೇಲೆ ಒದ್ದೆಯ ಅಂಗೈಯನ್ನು ಧೋತರಕ್ಕೆ ಒರೆಸದೆ ತಲೆಗೆ ಸವರಿಕೊಳ್ಳುವುದು ನಮ್ಮ ಮನೆಯ ಪದ್ಧತಿ. ಇಂಥ ಕ್ಷುಲ್ಲಕ ಸಂಗತಿಗೆ ಲೇಖನಿ ಹಿಡಿಯಬಹುದೇ ಎಂಬ ಅಳುಕು ನನಗೂ ಇದೆ. ಹಾನಗಲ್ಲಿನ ಕಚೇರಿಯಲ್ಲಿ ಅನ್ಯರ ಅರ್ಜಿಗಳನ್ನು ನಕಲು ಮಾಡುವವನು ನಾನು. ತಪ್ಪಿದ್ದಲ್ಲಿ ಕ್ಷಮೆ ಇರಲಿ.

ನಮ್ಮ ಊರಿಗೆ ಸಮುದ್ರವು ಬರುವುದು ಉಪ್ಪಿನ ಚೀಲವಾಗಿ ಮಾತ್ರ. ಅಕ್ಕನ ಯಜಮಾನರು ಕುಮಟೆಯ ದಂಡೆಯಲ್ಲಿ, ಕಡಲನೀರನ್ನು ಪರೀಕ್ಷಿಸುವ ವಿದ್ವಾಂಸರೊಬ್ಬರ ಸಹಾಯಕರು. ಯುದ್ಧಕ್ಕೆ ಮುಂಚಿನ ಒಂದು ಮಳೆಗಾಲದ ಕೊನೆಗೆ ಅಲ್ಲಿಯ ನೀರು ಕೆಂಪಗೆ ಕದಡಿ, ರಾಶಿ ರಾಶಿ ಮೀನು ಸತ್ತು ತೇಲಿದವು. ಆ ದಿನದ ನೀರನ್ನು ಶೀಶೆಗೆ ತುಂಬಿ, ಬೂಚಿಗೆ ಅರಗು ಹಾಕಿ, ಮಳೆಗಾಲಕ್ಕೆ ನಿಂತ ಆಗಬೋಟು, ಎಂದರೆ ಉಗಿಹಡಗು, ಇನ್ನೂ ಸುರುವಾಗದ್ದರಿಂದ ಹಾವೇರಿ ಸ್ಟೇಶನ್ನಿನ ಮಾರ್ಗವಾಗಿ ಮುಂಬಯಿಯಲ್ಲಿದ್ದ ಆ ವಿದ್ವಾಂಸರಿಗೆ ಒಯ್ಯುತ್ತ, ಭಾವನವರು ನಮ್ಮಲ್ಲಿ ತಂಗಿದರು. ಮೀನು ಸತ್ತದ್ದೇಕೆಂದು ಹೇಳಬಲ್ಲ ಸಾಕ್ಷಿ ಆ ಶೀಶೆಯೊಂದೇ.

ಗೋಕರ್ಣದ ದಿಕ್ಕಿನಿಂದ ಬಂದ ಅಳಿಯ, ಅರಗಿನ ಮುದ್ರೆಯ ಶೀಶೆ. ಅವ್ವನಿಗೆ ಇನ್ನೇನು ಬೇಕು? ಅವರು ಸ್ನಾನಕ್ಕೆ ಹೋದಾಗ ಬೂಚು ತೆಗೆದು, ತಾಮ್ರದ ಗಿಂಡಿಗೆ ಸುರುವಿ, ತುಳಸಿದಳ ಹಾಕಿ, ಓಣಿಯವರ ಅಂಗೈಗೆಲ್ಲ ತೀರ್ಥವೆಂದು ಹಂಚಿದಳು. ನಾನೂ ಮುಖ ಕಿವುಚಿ ಕುಡಿದು, ಭಕ್ತಿಯಿಂದ ತಲೆಗೆ ಸವರಿಕೊಂಡೆ. ದೈವಕೃಪೆ, ಯಾರಿಗೂ ಏನೂ ಆಗಲಿಲ್ಲ.

ಭಾವನವರು ಬಂದು, ಅರ್ಧವಾದ ಶೀಶೆಯನ್ನು ಕಂಡು, ಅದನ್ನು ಬೆಳಕಿಗೆ ಹಿಡಿದು ನೋಡಿದರು.

“ಸಿಟ್ಟಾಗಬ್ಯಾಡ್ರಿ ಅಳಿಯಾರ. ಸಮುದ್ರದಾಗ ನೀರಿಗೇನ್ ಬರ ಬಂದೈತೇನು?” ಎಂದಳು ಅವ್ವ.

“ಆವತ್ತಿನ ನೀರು ಇನ್ನ ಸಿಗಂಗಿಲ್ರಿ ಅತ್ತ್ಯಾರ. ಸಮುದ್ರಕ್ಕ ಜಡ್ಡಾಗಿತ್ತು. ಯಾತರಿಂದ ಅಂತ ಇದನ್ನ ನೋಡೇ ಹೇಳಬೇಕು.”

ಅವ್ವನ ಮುಖ ಬಾಡಿತು. ಗಿಂಡಿಯಲ್ಲಿ ಉಳಿದದ್ದನ್ನು ತಿರುಗಿ ಸುರುವಲು ಹೋದವಳನ್ನು, ತಾಮ್ರ ತುಳಸಿ ಸೋಂಕಿದ ನೀರು ಸಾಕ್ಷಿಗೆ ಆಗದೆಂದು ಅವರು ತಡೆದರು. ಆಗ ನಾನು, ಬಾವಿಯ ನೀರಿಗೆ ಉಪ್ಪು ಬೆರೆಸಿ ಭರ್ತಿ ಮಾಡಬಹುದಲ್ಲವೇ ಎಂದು ಪಿಸುಗುಟ್ಟಿದೆ.

“ನಿನ್ನ ಕಚೇರ್ಯಾಗ ಕಾಗದ ಕಳದ್ರ ನಕಲು ತಗೀತಿ. ಇದಕ್ಕ ನಕಲಿಲ್ಲೋ ತಮ್ಮಾ,” ಎಂದು ಭಾವನವರು ಸೋತ ನಗೆ ನಕ್ಕರು. “ನಡದದ್ದು ನಡದಂಗ ಬರದುಕೊಡು.”

ಬರೆದುಕೊಟ್ಟೆ: ಅರ್ಧ ಸಮುದ್ರವು ಓಣಿಯ ಜನರ ಅಂಗೈಗಳಲ್ಲಿ ವಿನಿಯೋಗವಾಗಿರುವುದಾಗಿಯೂ, ಉಳಿದರ್ಧಕ್ಕೆ ಏನನ್ನೂ ಬೆರೆಸಿಲ್ಲವೆಂದೂ. ನನ್ನ ಮೊದಲ ಸ್ವಂತ ಬರಹವೆಂದರೆ ಅದೇ.

ಮುಂಬಯಿಯಿಂದ ಉತ್ತರ ಬರುವವರೆಗೆ ಅವ್ವ, ನಾನು ಕಚೇರಿಯಿಂದ ಬಂದೊಡನೆ ಚಹಾದ ಮೊದಲು ಕೇಳುತ್ತಿದ್ದುದು, “ಸಮುದ್ರಕ್ಕ ಹೆಂಗೈತಂತ?” ಸಮುದ್ರವೂ ಜಡ್ಡು ಬೀಳಬಹುದೆಂಬುದು ಅವಳಿಗೆ ಹೊಸತು, ಬಿದ್ದವರನ್ನು ವಿಚಾರಿಸಬೇಕೆಂಬುದು ಮಾತ್ರ ಹಳೆಯದು. ಕಡೆಗೆ ಕಾಗದ ಬಂತು: ಕಣ್ಣಿಗೆ ಕಾಣದ ಜೀವಾಣುಗಳು ಮಿತಿಮೀರಿ ಬೆಳೆದು ಆ ನೀರಿನ ಉಸಿರು ಕಟ್ಟಿತ್ತು; ಏನೂ ಬೆರೆಸದ್ದರಿಂದ ಅರ್ಧವೇ ಸಾಕಾಯಿತು; ದಂಡೆ ಈಗ ತಿಳಿಯಾಗಿದೆ.

ಈಗಲೂ ಭಾವನವರು ಶೀಶೆ ತಂದಾಗ ಅವ್ವ ಬೂಚಿನ ಗೋಜಿಗೆ ಹೋಗುವುದಿಲ್ಲ. ಜ್ವರ ನೋಡುವಂತೆ ಗಾಜಿನ ಮೇಲೆ ಕೈಯಿಟ್ಟು, “ಈ ಸಲ ಆರಾಮ ಐತಿಲ್ರಿ?” ಎಂದು ಕೇಳಿ, ಹೌದೆಂದ ಮೇಲೆ, ಆ ಒಣ ಅಂಗೈಯನ್ನೇ ತಲೆಗೆ ಸವರಿಕೊಳ್ಳುತ್ತಾಳೆ.