ಉಚ್ಚೀರಪ್ಪ ಕಂಡ ಬೊಂಬಾಯಿ

ಗಂಡ ಹೊರಡುವ ಹಿಂದಿನ ದಿನ ಬೆಳಿಗ್ಗೆ ಕೊಂಡಮ್ಮ ಎಂದಿನಂತೆ ಎರಡು ಬಾಗಿಲ ಅಂಗಳ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಹಾಕಿದಳು. ಒಂದು ಬಾಗಿಲು ತನ್ನದು, ಇನ್ನೊಂದು ಅಣ್ಣ ಮಾರೆಣ್ಣನದು. ನಡುವೆ ಗೋಡೆ ಇರಲಿಲ್ಲ. ಅತ್ತಿಗೆ ಸತ್ತ ಮೇಲೆ ಅಣ್ಣನ ಊಟವೂ ಇವಳ ಮನೆಯಲ್ಲೇ.

ಗಂಡ ಉಚ್ಚೀರಪ್ಪ ಹೊಸ್ತಿಲಲ್ಲಿ ಕೂತು ರೊಟ್ಟಿ ತಿನ್ನುತ್ತಿದ್ದ. ಅವನಿಗೆ ಬೊಂಬಾಯಿಯ ಹುಚ್ಚು. ಕೋಸಗಿ ಸ್ಟೇಷನ್ನಿನಲ್ಲಿ ಮೂಟೆ ಹೊರುತ್ತಾ, ಆ ಕಡೆ ಹೋಗುವ ರೈಲು ನೋಡಿ ನೋಡಿ ಹತ್ತಿದ ಹುಚ್ಚು. ಈಗ ಹೊರಟದ್ದು ಮಾತ್ರ ಮಂಗಳೂರಿಗೆ. ಅಲ್ಲಿಂದ ಹಾಯಿಹಡಗಿನಲ್ಲಿ ಹೆಂಚು ಹೋಗುತ್ತದೆ, ತುಂಬಿದ ಕೂಲಿಯವರೇ ಬೊಂಬಾಯಿಯಲ್ಲಿ ಇಳಿಸಬೇಕು ಎಂದು ಮಾರೆಣ್ಣ ತಲೆ ತುಂಬಿ, ತಾನೂ ಜೊತೆಗೆ ಹೊರಟಿದ್ದ.

"ಮನಿ ಮುಂದ ರೈಲು ಹೋಗತೈತಿ. ಈ ಗಂಡಸಿಗೆ ಸಮುದ್ರದ ಮ್ಯಾಲಿಂದನ ಹೋಗಬೇಕಂತ," ಎಂದಳು ಕೊಂಡಮ್ಮ.

"ರೈಲಿನಾಗ ಹೋದರ ಊರಿನ ಬೆನ್ನು ಕಾಣತೈತಿ. ಹಡಗದಾಗ ಹೋದರ ಮುಖ ಕಾಣತೈತಿ."

"ಬಾವ್ಯಾಗ ಇಳಿಯಾಕ ಅಂಜತಿ ನೀನು!"

"ನಿಮ್ಮಣ್ಣ ಅದಾನಲ್ಲ, ಬಿಡು," ಎಂದು ನಕ್ಕ.

ಉಗಾದಿಗೆ ಮಾರೆಣ್ಣ ಒಬ್ಬನೇ ಬಂದ. ಉಚ್ಚೀರಪ್ಪನಿಗೆ ಬೊಂಬಾಯಿ ಬಂದರದಲ್ಲೇ ಕೆಲಸ ಸಿಕ್ಕಿದೆ, ಮಳೆಗಾಲ ಕಳೆದು ಬರುತ್ತಾನೆ ಎಂದ.

"ನಸುಕಿನ್ಯಾಗ ಹಡಗು ಬಂದರಕ್ಕ ಬಂತು ನೋಡು ತಂಗಿ. ಊರ ತುಂಬ ದೀಪ. ನಿನ್ನ ಗಂಡ ಹಾಯಿಕಂಬ ಹಿಡಕೊಂಡು ಕುಣದಾಡಿಬಿಟ್ಟ. ಇಳದು ಚಾ ಕುಡದಿವಿ. ಆತ ಎರಡು ಕಪ್ಪು."

ರೊಟ್ಟಿ ಬಡಿಸುವಾಗಲೆಲ್ಲ ಕೊಂಡಮ್ಮ ಅದನ್ನೇ ಹೇಳಿಸಿದಳು. ಬಾವಿಕಟ್ಟೆಯಲ್ಲಿ ನೆರೆಯ ಬಸವಕ್ಕನಿಗೆ ಹೇಳುವಾಗ ತಾನೇ ಮೂರನೇ ಕಪ್ಪು ಸೇರಿಸಿದಳು.

ಮಳೆಗಾಲ ಕಳೆಯಿತು. ಪೀರಲ ಹಬ್ಬಕ್ಕೆ ಊರಿನ ಹುಡುಗ ದಸ್ತಗಿರಿ ಬಂದ. ಅದೇ ಹಡಗಿನಲ್ಲಿ ಹೋಗಿ ಬೊಂಬಾಯಿಯಲ್ಲೇ ಉಳಿದವನು. ಕೊಂಡಮ್ಮ ಓಡಿ ಹೋದಳು.

"ನಮ್ಮ ಮನಿಯಾತ ಬರಲಿಲ್ಲೇನಪ?"

ಅವನು ಅವಳ ಹಣೆಯ ಕುಂಕುಮ ನೋಡಿ ತಲೆ ತಗ್ಗಿಸಿದ.

"ಅಕ್ಕಾ, ಮಾರೆಣ್ಣ ಹೇಳಿಲ್ಲೇನು? ಕೌತಾಳಂ ಊರಾತನ ಕೈಲಿ ಆತಗ ಆಗನ ಹೇಳಿಕಳಿಸಿದ್ದೆನಲ್ಲ."

ದಾರಿಯಲ್ಲೇ ಉಚ್ಚೀರಪ್ಪನಿಗೆ ಜ್ವರ ಏರಿತ್ತು. ಬಂದರ ಮುಟ್ಟಿದಾಗ ಏಳಲಾಗಲಿಲ್ಲ. ದವಾಖಾನೆಗೆ ಗಾಡಿ ತರುತ್ತೇನೆಂದು ಮಾರೆಣ್ಣ ಮೊದಲು ಇಳಿದ. ತಿರುಗಿ ಬರಲಿಲ್ಲ.

"ನಾವ ಹೊತ್ತುಕೊಂಡು ಹೊಂಟಿವಿ. 'ಮಾರೆಣ್ಣ ಬರತಾನ, ತಡೀರಿ' ಅಂದ. ಊರು ಕಾಣಲಿ ಅಂತ ಎಬ್ಬಿಸಿ ಕುಂದರಿಸಿದೆ. ಊರು ನೋಡಲಿಲ್ಲಕ್ಕಾ. ಹಡಗಕ್ಕ ಯಾರು ಹತ್ತಿ ಬರತಾರ, ಅದನ್ನ ನೋಡಿಕೋತ ಇದ್ದ. ಮಧ್ಯಾಹ್ನಕ್ಕ ಜೀವ ಹೋತು. ಅಲ್ಲೇ ಮಣ್ಣು ಮಾಡಿದಿವಿ."

ಅವಳು ಮನೆಗೆ ತಿರುಗಿ ಬಂದಾಗ ಮಾರೆಣ್ಣ ಊಟಕ್ಕೆ ಬಂದು ಕೂತಿದ್ದ. ಕೊಂಡಮ್ಮ ತಟ್ಟೆ ಇಡಲಿಲ್ಲ.

"ಸುದ್ದಿ ಬಂದಿತ್ತೇನು?"

ಅವನಿಗೆ ತಿಳಿಯಿತು. "ಬಂದರದಾಗ ಪೋಲೀಸ್ರು ನಿಂತಿದ್ದರು ತಂಗಿ. ಜ್ವರದಾತನ ಜೋಡಿ ನನ್ನೂ ಹಿಡೀತಾರಂತ ಅಂಜಿಕಿ ಆತು. ರೈಲು ಹತ್ತಿಬಿಟ್ಟೆ. ಸುದ್ದಿ ಬಂದಾಗ ನಿನ್ನ ಹಣಿ ನೋಡಿದೆ, ಹೇಳಾಕ ಬಾಯಿ ಬರಲಿಲ್ಲ."

"ದೀಪದ ಕಥಿ ಹೇಳಾಕ ಬಾಯಿ ಬಂತಲ್ಲ. ಅಣ್ಣಾ, ಆ ಚಾ ಯಾರು ಕುಡದರು?"

ಅವನು ಎದ್ದು ಹೋದ.

ಸತ್ತವನ ಮನೆಯ ಮುಂದೆ ಅಷ್ಟು ತಿಂಗಳು ರಂಗೋಲಿ ಹಾಕಿದ್ದಳು ಕೊಂಡಮ್ಮ. ಅಣ್ಣ ದಿನಾ ಅದನ್ನು ದಾಟಿಯೇ ಊಟಕ್ಕೆ ಬಂದಿದ್ದ.

ಈಗಲೂ ಬೆಳಿಗ್ಗೆ ಎದ್ದು ಅಂಗಳ ಗುಡಿಸುತ್ತಾಳೆ. ರಂಗೋಲಿ ಇಲ್ಲ, ಬರೀ ನೀರು. ಮಾರೆಣ್ಣ ತನ್ನ ಬಾಗಿಲಲ್ಲಿ ನಿಂತಿರುತ್ತಾನೆ. ಕೊಂಡಮ್ಮ ತನ್ನ ಹೊಸ್ತಿಲ ಮುಂದಷ್ಟೇ ಚಿಮುಕಿಸಿ, ಮಿಕ್ಕ ನೀರನ್ನು ಕೊಡದಲ್ಲೇ ಒಳಗೆ ಒಯ್ಯುತ್ತಾಳೆ.