ದನಿ ಸಿಗದ ಕಣಿವೆ

ನಮ್ಮ ಈರಕ್ಕ ಬಾನುಲಿಯಲ್ಲಿ ಮಾತಾಡುತ್ತಾಳೆಂದರೆ ಹೊಸಬರು ನಂಬುವುದಿಲ್ಲ. ಬೀದಿಯಲ್ಲಿ ಮಾತಾಡಿಸಿದರೆ ತಲೆಯಾಡಿಸಿ ಹೋಗುವ ಹೆಂಗಸು ಅವಳು. ಮನೆಯಲ್ಲಂತೂ ಇನ್ನೂ ಮೌನ. ಮೈಕಿನ ಮುಂದೆ ಕೂತರೆ ಮಾತ್ರ ಬಾಯಿ ಬಿಡುತ್ತಾಳೆ.

ಹೊರಕೆರೆದೇವಪುರದ ಹತ್ತಿರದ ನಮ್ಮೂರಿನಲ್ಲಿ ಒಂದು ಸಂಘ ನಡೆಸುವ ಪುಟ್ಟ ಬಾನುಲಿ ಕೇಂದ್ರ ಅದು. ಕುರಿರೋಗ, ಸೋಬಾನೆ ಪದ, ಮಳೆಯ ಮುನ್ಸೂಚನೆ, ಇಷ್ಟೇ. ಸ್ವಂತ ಸುದ್ದಿ ಓದುವಂತಿಲ್ಲ. ಸರ್ಕಾರ ಗೊತ್ತುಮಾಡಿದ ಶಕ್ತಿ ಮೀರಿ ಪ್ರಸಾರ ಮಾಡುವಂತಿಲ್ಲ.

ಈ ಎರಡನೆಯ ನಿಯಮವನ್ನು ಯಂತ್ರ ನೋಡಿಕೊಳ್ಳುವ ಪ್ರಭುಲಿಂಗ ಯಾವತ್ತೋ ಗಾಳಿಗೆ ತೂರಿದ್ದ. ಇನ್ನೆರಡು ಹಳ್ಳಿಯವರು ಕೇಳಿದರೆ ಯಾರ ಗಂಟು ಹೋಗುತ್ತದೆ ಎಂದು ಶಕ್ತಿ ಏರಿಸಿಬಿಟ್ಟಿದ್ದ. ಹಾಗಾಗಿ ಈರಕ್ಕನ ದನಿ ಗುಡ್ಡದಾಚೆಯ ಕಣಿವೆಗೂ ಮುಟ್ಟುತ್ತಿತ್ತು. ಅಲ್ಲಿ ಅವಳ ಗಂಡ ಕಾಟಲಿಂಗಪ್ಪ ಕುರಿ ಮೇಯಿಸುತ್ತಿದ್ದ. ಮೊಬೈಲಿಗೆ ಅಲ್ಲಿ ಟವರ್ ಇಲ್ಲ, ಹೆಗಲ ಚೀಲದಲ್ಲಿ ಒಂದು ಸಣ್ಣ ರೇಡಿಯೋ ಇರುತ್ತಿತ್ತು. ಹೆಂಡತಿಯ ದನಿ ಕೇಳದ ಜಾಗದಲ್ಲಿ ರೊಪ್ಪ ಹಾಕಬಾರದೆಂಬುದು ಅವನ ಕಟ್ಟುನಿಟ್ಟು. ರೊಪ್ಪದ ಮುಳ್ಳುಬೇಲಿಯೊಳಗೆ ಕುರಿ ಕೂಡಿ, ಪಕ್ಕದ ಚಪ್ಪಡಿಯ ಮೇಲೆ ಮಲಗಿ, ಅವಳ ಮಾತು ಮುಗಿದ ಮೇಲೇ ನಿದ್ದೆ ಮಾಡುತ್ತಿದ್ದ. ಊರವರು ಇದಕ್ಕೆ ಅವನನ್ನು ಆಡಿಕೊಳ್ಳುತ್ತಿದ್ದರು. ನಾನೂ ಆಡಿಕೊಂಡಿದ್ದೇನೆ.

ಒಂದು ಮಧ್ಯಾಹ್ನ ಅಳತೆಯ ಯಂತ್ರ ಹಿಡಿದು ಅಧಿಕಾರಿಗಳು ಬಂದರು. ನಿಮ್ಮ ಪ್ರಸಾರ ಬೇರೆಯವರ ತರಂಗಕ್ಕೆ ಅಡ್ಡ ಬರುತ್ತಿದೆ ಎಂದು ಬೈದು, ಶಕ್ತಿ ಇಳಿಸಿ, ಗುಂಡಿಗೆ ಸೀಲ್ ಹಾಕಿದರು. ಸೀಲ್ ಕಿತ್ತರೆ ಕೇಂದ್ರ ಮುಚ್ಚುತ್ತೇವೆ ಎಂದರು. ಬೈದದ್ದು ನ್ಯಾಯವೇ, ಬಿಡಿ.

ಅದೇ ಸಂಜೆ, ಈರಕ್ಕನ ಕಾರ್ಯಕ್ರಮದ ನಡುವೆ, ಅರಣ್ಯ ಇಲಾಖೆಯ ಎಚ್ಚರಿಕೆ ಬಂತು. ಗುಡ್ಡದಾಚೆಯ ಕಣಿವೆಯಲ್ಲಿ ಚಿರತೆ ಒಬ್ಬನ ಮೇಲೆ ಎರಗಿದೆ, ಅಲ್ಲಿ ಯಾರೂ ಉಳಿಯಬಾರದು. ಇಲಾಖೆಯೇ ಕೊಟ್ಟಿದ್ದರಿಂದ ಓದಲು ಅಡ್ಡಿಯಿರಲಿಲ್ಲ. ಓದುತ್ತಿರುವಾಗಲೇ ಅವಳಿಗೆ ಹೊಳೆಯಿತು, ಕಣಿವೆಗೆ ಇನ್ನು ಇದು ಕೇಳುವುದಿಲ್ಲ. ಹಾಡು ಹಾಕಿ ಎದ್ದು ಬಂದಳು. ಇಲಾಖೆಯ ಜೀಪು ಗುಡ್ಡ ಬಳಸಿ ಹೊರಟಿತ್ತು, ದಾರಿ ದೂರ. ಹೊರಗೆ ಬೆಳಕು ಕುಗ್ಗುತ್ತಿತ್ತು.

"ಪ್ರಭಣ್ಣ, ಒಂದ್ಸಲ ಏರಿಸು. ನಮ್ಮನೆಯೋರು ಅಲ್ಲೇ ಅದಾರೆ."

"ಮುಚ್ಚಿಬಿಡ್ತಾರೆ ಈರಕ್ಕ. ನಾಳೆ ಯಾರಿಗೂ ಏನೂ ಹೇಳಾಕಾಗಲ್ಲ."

ಅವಳು ಅವನನ್ನು ಸರಿಸಿ ಸೀಲ್ ಕಿತ್ತಳು. ಅವನು ಕಣ್ಣುಮುಚ್ಚಿ ಗುಂಡಿ ತಿರುಗಿಸಿದ. ಎಚ್ಚರಿಕೆಯನ್ನು ಮತ್ತೆ ಮತ್ತೆ ಓದಿದಳು, ಗಂಟಲು ಕಟ್ಟುವವರೆಗೂ ಓದಿದಳು. ಆ ಕಡೆಯಿಂದ ಉತ್ತರ ಬರುವ ದಾರಿ ರೇಡಿಯೋಗೆ ಎಲ್ಲಿಯದು? ಕೇಳಿದನೋ, ಕೇಳುವ ಸ್ಥಿತಿಯಲ್ಲೇ ಇಲ್ಲವೋ, ಅವಳಿಗೆ ಗೊತ್ತಾಗುವಂತಿರಲಿಲ್ಲ.

ಕೊನೆಗೆ ಬಾಗಿಲ ಹೊರಗೆ ಕುರಿಗಳ ಸದ್ದಾಯಿತು. ಕಾಟಲಿಂಗಪ್ಪ ಏದುಸಿರು ಬಿಡುತ್ತ ನಿಂತಿದ್ದ.

"ಕಣಿವೇಲಿ ನಿನ್ ದನಿ ಸಿಗ್ಲಿಲ್ಲ. ನಿಂಗೇನೋ ಆತು ಅಂತ ಕುರಿ ಎಬ್ಬಿಸ್ಕಂಡು ಬಂದೆ."

ಸೀಲ್ ಕೀಳುವ ಹೊತ್ತಿಗೆ ಅವನು ಕಣಿವೆ ಬಿಟ್ಟಾಗಿತ್ತು. ಬೆಳಿಗ್ಗೆ ಇಲಾಖೆಯವರಿಗೆ ಅವನ ಚಪ್ಪಡಿಯ ಸುತ್ತಲೂ ಚಿರತೆಯ ಹೆಜ್ಜೆ ಸಿಕ್ಕವು.

ಕಿತ್ತ ಸೀಲನ್ನು ಬಚ್ಚಿಡಲಾಗಲಿಲ್ಲ. ಪ್ರಸಾರ ನಿಲ್ಲಿಸಿದ್ದಾರೆ, ವಿಚಾರಣೆ ನಡೆಯುತ್ತಿದೆ. ಚಿರತೆ ಇನ್ನೂ ಬೋನಿಗೆ ಬಿದ್ದಿಲ್ಲ. ಗಂಡ ಕುರಿ ಹೊಡೆದುಕೊಂಡು ಹೊರಟರೆ ಈರಕ್ಕ ದಿನವಿಡೀ ಗುಡ್ಡದ ಕಡೆಗೇ ನೋಡುತ್ತಿರುತ್ತಾಳೆ. ಅವನೋ, ದನಿ ಕೇಳದೆ ರೊಪ್ಪ ಹಾಕುವವನಲ್ಲ. ಸಂಜೆಯಾದರೆ ಮಂದೆಯನ್ನೆಲ್ಲ ಮನೆ ಬಾಗಿಲಿಗೇ ತಂದು ನಿಲ್ಲಿಸುತ್ತಾನೆ. ಅವಳು ಭಯ ಇಳಿದ ಮುಖದಲ್ಲಿ ಸುಮ್ಮನೆ ಅವನನ್ನೇ ನೋಡುತ್ತಾಳೆ.

"ಏನಾರ ಮಾತಾಡೇ," ಎನ್ನುತ್ತಾನೆ. "ರೊಪ್ಪ ಹಾಕ್ಬೇಕು."